ಮುದ್ದೇಬಿಹಾಳಕ್ಕೆ ಮೂವತ್ತು ಮೈಲಿನ ವೇಗದಲ್ಲಿ

ಇಂಡಿ ಊರಿನ ಹತ್ತಿ ಗಿರಣಿಯ ಧಣಿಯರ ಮನೆಯಲ್ಲಿ ನಾನು ಡ್ರೈವರನಾಗಿ ಸೇರಿದಾಗ ಅಲ್ಲಿ ಎರಡು ಕಾರುಗಳಿದ್ದವು. ಒಂದು ಎಲ್ಲ ಕಡೆ ಕಾಣುವಂಥ ನಮ್ಮ ದೇಶದ ಕಾರು. ಗೇರಿನ ಹಿಡಿಕೆ ಸ್ಟೇರಿಂಗಿನ ಕೆಳಗೆ, ಕಾಲಿಗೆ ಮೂರು ಪೆಡಲು. ಇನ್ನೊಂದು ಧಣಿಯರ ತಂದೆ, ಅಂದರೆ ನಾವೆಲ್ಲ ದೊಡ್ಡ ಧಣಿ ಎಂದು ಕರೆಯುತ್ತಿದ್ದವರು, ಮುಂಬಯಿಯಲ್ಲಿ ಯಾರದೋ ಕೈಯಿಂದ ಕೊಂಡು ತಂದ ಅಮೆರಿಕದ ಉದ್ದನೆಯ ಕಾರು. ಅದಕ್ಕೆ ಪೆಡಲು ಎರಡೇ. ಕ್ಲಚ್ಚು ಇರಲಿಲ್ಲ. ಗೇರು ತಾನಾಗಿಯೇ ಬೀಳುತ್ತಿತ್ತು. ಮೊದಲ ಸಲ ಅದರಲ್ಲಿ ಕೂತಾಗ ನನ್ನ ಎಡಗಾಲು ಇಲ್ಲದ ಪೆಡಲನ್ನು ಹುಡುಕುತ್ತಲೇ ಇತ್ತು.

ಆ ಗಾಡಿ ಯಾಕೆ ಬಂತು ಎಂಬುದನ್ನು ದೊಡ್ಡ ಧಣಿ ನನಗೆ ಒಂದೇ ಸಲ ಹೇಳಿದರು, ಅದೂ ಬೇರೆ ಕಡೆ ನೋಡುತ್ತ. ಅವರಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಸಣ್ಣ ಮಗಳಿಗೆ ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಎಡಗಾಲಿನ ಶಕ್ತಿ ಹೋಗಿತ್ತು. ಎಡಗಾಲು ಬೇಡದ ಕಾರು ಇದೆ ಎಂದು ಯಾರೋ ವ್ಯಾಪಾರಿಗಳು ಹೇಳಿದ್ದು ಕೇಳಿ ಅವರು ಮುಂಬಯಿಗೆ ಹೋಗಿ ತಿಂಗಳೊಪ್ಪತ್ತು ಕೂತು ಅದನ್ನು ಹುಡುಕಿದ್ದರು. ಮಗಳಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾವು ಆಳುಗಳೆಲ್ಲ ಅವಳನ್ನು ಸಣ್ಣಕ್ಕಾರು ಅನ್ನುತ್ತಿದ್ದೆವು. ಸಿಂದಗಿಗೆ ಕೊಟ್ಟಿದ್ದ ಅವಳ ಅಕ್ಕ ದೊಡ್ಡಕ್ಕಾರು.

ಹತ್ತಿಯ ಗಾಡಿಗಳು ಬಂದು ನಿಲ್ಲುವ ಗಿರಣಿಯ ಬಯಲಿನಲ್ಲಿ ಸಣ್ಣಕ್ಕಾರು ಕಲಿತರು. ನಿಜ ಹೇಳಬೇಕೆಂದರೆ ಆ ಗಾಡಿಯನ್ನು ನನಗಿಂತ ಮೊದಲು ಅವರೇ ಕಲಿತರು. ನನ್ನ ಎಡಗಾಲು ಅತ್ತಿತ್ತ ಆಡುವುದನ್ನು ಕಂಡು ನಕ್ಕು, ಅದನ್ನ ಮನ್ಯಾಗ ಬಿಟ್ಟು ಬಾ ಅನ್ನುತ್ತಿದ್ದರು. ವಾರದೊಳಗೆ ಝಳಕಿ ರಸ್ತೆಗೆ ಹೋದೆವು. ಅಲ್ಲಿ ಅವರು ಐವತ್ತು ಮೈಲಿಗೆ ಏರಿಸಿದರು. ಗಾಡಿಯ ಮುಳ್ಳು ತೋರಿಸುತ್ತಿದ್ದದ್ದು ಮೈಲಿನ ಲೆಕ್ಕದಲ್ಲಿ, ಆದ್ದರಿಂದ ನನ್ನ ತಲೆಯೂ ಇವತ್ತಿಗೂ ಮೈಲಿನಲ್ಲೇ ಓಡುತ್ತದೆ. ಸಾವಕಾಶ ಹೊಡೀರಿ ಅಕ್ಕಾರ, ಪೆಟ್ರೋಲು ಸುಮ್ಮನೆ ಹೋಗುತ್ತದೆ ಎಂದೆ. ಅದಕ್ಕೆ ಅವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅಂದರು:

“ನಡಿಯೂದು ಹೆಂಗೂ ಸಾವಕಾಶ ಐತಿ. ಗಾಡ್ಯಾಗರ ಲಗೂ ಹೋಗೂಣು.”

ಪೆಟ್ರೋಲಿನ ಬಗ್ಗೆ ನನಗೆ ಮೊದಲಿನಿಂದಲೂ ಜಿಪುಣತನ. ಯಾರೂ ಹೇಳಿಕೊಟ್ಟದ್ದಲ್ಲ. ದೇಶಿ ಕಾರಿನಲ್ಲಿ ಇಪ್ಪತ್ತೈದು ಮೈಲು ದಾಟಿದ ಕೂಡಲೇ ಕೊನೆಯ ಗೇರಿಗೆ ಹಾಕುವುದು, ಮುಂದೆ ದನ ಕಂಡರೆ ದೂರದಿಂದಲೇ ಕಾಲು ತೆಗೆದು ಬ್ರೇಕು ತುಳಿಯದೆ ನಿಧಾನವಾಗುವುದು, ಇಳಿಜಾರಿನಲ್ಲಿ ಇಂಜಿನ್ನಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು, ಇವೆಲ್ಲ ನನ್ನ ಕಾಲಿಗೆ ಅಂಟಿದ್ದ ರೂಢಿಗಳು. ಅಮೆರಿಕದ ಗಾಡಿಯಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಗೇರು ಯಾವಾಗ ಬದಲಾಗಬೇಕೆಂಬುದು ಅದರ ಮರ್ಜಿ. ಸೋಲಾಪುರದ ಒಬ್ಬ ಮಿಸ್ತ್ರಿ ನನಗೆ ಅದನ್ನು ಬಿಡಿಸಿ ಹೇಳಿದ್ದ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದಲ್ಲ, ಇದರೊಳಗೆ ಗಾಳಿಯ ಬದಲು ಎಣ್ಣೆ ಇದೆ. ಇಂಜಿನ್ನು ಒಂದು ಫ್ಯಾನು, ಚಕ್ರ ಇನ್ನೊಂದು. ನಡುವೆ ಸ್ವಲ್ಪ ಶಕ್ತಿ ಎಣ್ಣೆಯಲ್ಲೇ ಕರಗಿಹೋಗುತ್ತದೆ. ಅದಕ್ಕೇ ಇದು ಹೆಚ್ಚು ಕುಡಿಯುತ್ತದೆ ಎಂದ. ತೀರ ನಿಧಾನ ಹೋದರೆ ಗೇರು ಕೆಳಗಿಳಿದು ಕುಡಿಯುತ್ತಿತ್ತು, ಜೋರಾಗಿ ಹೋದರೆ ಗಾಳಿಯನ್ನು ತಳ್ಳುವುದಕ್ಕೆ ಕುಡಿಯುತ್ತಿತ್ತು. ಮೂವತ್ತು ಮೈಲಿನ ಸುಮಾರಿಗೆ ಇಂಜಿನ್ನಿನ ಸದ್ದು ತೆಳ್ಳಗಾಗಿ ಗಾಡಿ ಉಸಿರು ಬಿಟ್ಟಂತೆ ಅನ್ನಿಸುತ್ತಿತ್ತು. ಅದೇ ಅದರ ಹಿತವಾದ ವೇಗ ಎಂದು ನಾನು ತಿಳಿದಿದ್ದೆ.

ಅಕ್ಕತಂಗಿಯರ ನಡುವೆ ಮಾತು ನಿಂತದ್ದು ಸಣ್ಣಕ್ಕಾರಿಗೆ ವರ ನೋಡುವಾಗ. ಬಂದವರಿಗೆ ಕಾಲಿನ ವಿಷಯವನ್ನು ಮನೆಯವರು ಸರಿಯಾಗಿ ಹೇಳಿರಲಿಲ್ಲ. ಹುಡುಗಿ ಕೂತೇ ಇದ್ದಳು, ಉದ್ದ ಸೀರೆ, ಯಾರಿಗೂ ಗೊತ್ತಾಗಲಿಲ್ಲ. ಮಾತು ಪಕ್ಕಾ ಆಗುವ ಹೊತ್ತಿಗೆ ದೊಡ್ಡಕ್ಕಾರು ಎಲ್ಲರೆದುರಿಗೆ, ನನ್ನ ತಂಗಿಗೆ ಎಡಗಾಲು ಬರುವುದಿಲ್ಲ, ಆಮೇಲೆ ನಮ್ಮನ್ನು ಅನ್ನಬೇಡಿ ಎಂದು ಹೇಳಿಬಿಟ್ಟರು. ಬಂದವರು ಚಹಾ ಮುಗಿಸಿ ಎದ್ದು ಹೋದರು. ದೊಡ್ಡಕ್ಕಾರು ಮಾಡಿದ್ದು ತಪ್ಪಲ್ಲ ಎಂದು ಹೊರಗೆ ಗಾಡಿ ಒರೆಸುತ್ತ ನಿಂತಿದ್ದ ನನಗೂ ಅನ್ನಿಸಿತ್ತು. ಆದರೆ ಒಳಗೆ ಆ ಮಾತನ್ನು ಕೇಳಿಸಿಕೊಂಡು ಕೂತಿದ್ದವನು ನಾನಲ್ಲ. ಸಣ್ಣಕ್ಕಾರು ಅಂದಿನಿಂದ ಅಕ್ಕನ ಜೊತೆ ಮಾತಾಡಲಿಲ್ಲ. ಮುಂದೆ ಮುದ್ದೇಬಿಹಾಳದಲ್ಲಿ ಹೈಸ್ಕೂಲ್ ಮಾಸ್ತರೊಬ್ಬರು, ಮೊದಲ ಹೆಂಡತಿ ತೀರಿಕೊಂಡವರು, ಎಲ್ಲ ತಿಳಿದೇ ಮದುವೆಯಾದರು. ಮದುವೆಯ ದಿನ ಅಕ್ಕ ಕೈ ಹಿಡಿದರೆ ತಂಗಿ ಮೆಲ್ಲಗೆ ಬಿಡಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಕಾರು ಇಂಡಿಯಲ್ಲೇ ಉಳಿಯಿತು. ಮಾಸ್ತರ ಸಂಬಳದಲ್ಲಿ ಅದನ್ನು ಸಾಕುವುದು ಆಗುವ ಮಾತಾಗಿರಲಿಲ್ಲ. ಮುಂದೆ ಸಣ್ಣಕ್ಕಾರಿಗೆ ಒಬ್ಬ ಮಗಳು ಹುಟ್ಟಿದಳು.

ದೊಡ್ಡ ಧಣಿ ತೀರಿಹೋದರು. ಎಪ್ಪತ್ತರ ದಶಕದ ನಡುವೆ ಪೆಟ್ರೋಲಿನ ಬೆಲೆ ಒಮ್ಮಿಂದೊಮ್ಮೆ ಏರಿ, ಎಷ್ಟೋ ಕಡೆ ಸಿಗುವುದೇ ಕಷ್ಟವಾದಾಗ ಅಮೆರಿಕದ ಗಾಡಿ ಗೋದಾಮಿನ ಮೂಲೆ ಸೇರಿತು. ಬ್ಯಾಟರಿ ಕೆಡದಿರಲಿ ಎಂದು ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿ ಬಯಲಿನಲ್ಲಿ ಒಂದು ಸುತ್ತು ಹೊಡೆಯುತ್ತಿದ್ದೆ. ಅದರ ಪೆಟ್ರೋಲಿನ ಮುಳ್ಳು ಕೆಟ್ಟು ಬಹಳ ದಿನವಾಗಿತ್ತು. ಒಂದು ಬಿದಿರಿನ ಪಟ್ಟಿಗೆ ಚಾಕುವಿನಿಂದ ಗೆರೆ ಕೊರೆದು, ಅದನ್ನು ಟಾಕಿಯೊಳಗೆ ಇಳಿಸಿ ಎಷ್ಟು ಲೀಟರಿದೆ ಎಂದು ನೋಡುತ್ತಿದ್ದೆ.

ಜೋಳ ಹಾಲುಗಟ್ಟುವ ಕಾಲ. ಬೆಳಗಿನ ಹೊತ್ತು ಗಿರಣಿಯ ಗುಮಾಸ್ತರು ಓಡುತ್ತ ಬಂದರು. ಮುದ್ದೇಬಿಹಾಳದಿಂದ ಟ್ರಂಕ್ ಕಾಲ್ ಬಂದಿದೆ. ಸಣ್ಣಕ್ಕಾರಿಗೆ ಕಾಮಾಲೆ ಆಗಿ ಹದಿನೈದು ದಿನವಾಗಿದ್ದು ನಮಗೆ ಗೊತ್ತಿತ್ತು. ಈಗ ಅದು ತಲೆಗೇರಿದೆ, ಡಾಕ್ಟರು ಕೈ ಬಿಟ್ಟಿದ್ದಾರೆ, ಎಚ್ಚರ ಬಂದಾಗಲೆಲ್ಲ ಅಕ್ಕನನ್ನು ಕರೆಸಿ ಅನ್ನುತ್ತಿದ್ದಾರೆ. ಧಣಿಯರು ಹಿಂದಿನ ದಿನವೇ ದೇಶಿ ಕಾರು ತೆಗೆದುಕೊಂಡು ತಾವೇ ಸೋಲಾಪುರಕ್ಕೆ ಹೋಗಿದ್ದರು. ಬಸ್ಸಿನಲ್ಲಿ ಹೋದರೆ ಅಲ್ಲಲ್ಲಿ ಇಳಿದು ಹತ್ತಿ ಸಂಜೆಯಾಗುತ್ತದೆ. ಧಣಿಯರ ಹೆಂಡತಿ, ನಾನು ಅವ್ವಾರು ಅನ್ನುತ್ತಿದ್ದವರು, ಹೊರಗೆ ಬಂದು ಒಂದೇ ಮಾತು ಹೇಳಿದರು: ಆ ಗಾಡಿ ತಗೊಂಡು ಸಿಂದಗಿಗೆ ಹೋಗು, ದೊಡ್ಡಕ್ಕಾರನ್ನು ಕೂಡಿಸಿಕೊಂಡು ಹಂಗೇ ಮುದ್ದೇಬಿಹಾಳಕ್ಕೆ ಮುಟ್ಟಿಸು.

ನಾನು ಟಾಕಿಗೆ ಪಟ್ಟಿ ಇಳಿಸಿದೆ. ಇಪ್ಪತ್ತೈದು ಲೀಟರಿನ ಗೆರೆ ಒದ್ದೆಯಾಗಿತ್ತು. ಇಂಡಿಯಿಂದ ಸಿಂದಗಿ, ಅಲ್ಲಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಎಲ್ಲ ಕೂಡಿ ನೂರು ಮೈಲು. ಆ ವಾರ ನಮ್ಮ ಕಡೆಗೆ ಟ್ಯಾಂಕರ್ ಬಂದಿರಲಿಲ್ಲ. ಇಂಡಿಯ ಬಂಕಿನ ಮುಂದೆ ಖಾಲಿ ಡ್ರಮ್ಮುಗಳನ್ನು ಅಡ್ಡ ಇಟ್ಟಿದ್ದರು, ಸಿಂದಗಿ, ಬಾಗೇವಾಡಿಯಲ್ಲೂ ಹಾಗೇ ಇದೆ ಎಂದು ಹಿಂದಿನ ದಿನ ಬಂದ ಲಾರಿಯವರು ಹೇಳಿದ್ದರು. ಒಂದು ಲೀಟರಿಗೆ ನಾಲ್ಕು ಮೈಲು ಬಂದರೆ ಮುಟ್ಟುತ್ತೇವೆ, ಅದಕ್ಕಿಂತ ಕಡಿಮೆಯಾದರೆ ಎರೆ ಭೂಮಿಯ ನಡುವೆ ಎಲ್ಲೋ ನಿಲ್ಲುತ್ತೇವೆ. ಝಳಕಿ ರಸ್ತೆಯಲ್ಲಿ ಸಣ್ಣಕ್ಕಾರು ಓಡಿಸಿದಾಗ ಅದು ಮೂರೂ ಕೊಡುತ್ತಿರಲಿಲ್ಲ ಎಂಬುದು ನೆನಪಿತ್ತು. ಮೂವತ್ತಕ್ಕೆ ಹಿಡಿದು ಹೋಗುವುದೆಂದು ಅಲ್ಲಿಯೇ, ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ, ತೀರ್ಮಾನಿಸಿದೆ.

ಸಿಂದಗಿಗೆ ಮುಟ್ಟಿದಾಗ ಹತ್ತು ಗಂಟೆಗೆ ಇನ್ನೂ ಹತ್ತಿಪ್ಪತ್ತು ನಿಮಿಷ ಇತ್ತು. ಮನೆಯ ಆಳು ಒಳಗೆ ಹೋಗಿ ಹೇಳಿ ಬಂದ. ನಾನು ಗಾಡಿ ಬಂದ್ ಮಾಡಿ, ನಿಂತಲ್ಲಿ ಪೆಟ್ರೋಲು ಸುಡಬಾರದೆಂದು, ಕಾದೆ. ದೊಡ್ಡಕ್ಕಾರು ಬರುವುದಕ್ಕೆ ಅರ್ಧ ತಾಸು ಹಿಡಿಯಿತು. ದೊಡ್ಡ ಮನೆಯ ಹೆಣ್ಣುಮಕ್ಕಳು ಹೊರಡಬೇಕೆಂದರೆ ಇಷ್ಟು ಹೊತ್ತು ಆಗಿಯೇ ಆಗುತ್ತದೆ ಎಂದುಕೊಂಡೆ. ಅವರು ಬಂದು ಹಿಂದಿನ ಸೀಟಿನಲ್ಲಿ ಕೂತರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಏನಿತ್ತೋ. ಹೇಗಿದ್ದಾಳೆ ಎಂದು ಕೇಳಲಿಲ್ಲ.

ದೇವರ ಹಿಪ್ಪರಗಿಯ ಕಡೆ ರಸ್ತೆಯ ಎರಡೂ ಬದಿಗೆ ಜೋಳ ಮನುಷ್ಯನೆತ್ತರ ನಿಂತಿತ್ತು. ಗಾಳಿ ಎದುರಿಗಿತ್ತು, ಅದೂ ಪೆಟ್ರೋಲು ತಿನ್ನುತ್ತದೆ. ಡೋಣಿ ಹೊಳೆಯ ಸೇತುವೆ ಹತ್ತಿರ ಕುರಿಹಿಂಡು ಅಡ್ಡ ಬಂತು. ನಾನು ದೂರದಿಂದಲೇ ಕಾಲು ತೆಗೆದೆ. ನಿಂತು ಮತ್ತೆ ಎಬ್ಬಿಸುವುದಕ್ಕಿಂತ ತೆವಳುತ್ತ ಹೋಗುವುದು ಮೇಲು. ಕುರಿಗಾರ ಒಂದೊಂದೇ ಕುರಿಯನ್ನು ತಳ್ಳಿ ದಾರಿ ಮಾಡಿದ. ಕುರಿಗಳ ಬೆನ್ನು ಬಾಗಿಲಿಗೆ ಉಜ್ಜುವ ಸದ್ದು ಒಳಗೆ ಕೇಳುತ್ತಿತ್ತು. ಅದು ಮುಗಿದು ಗಾಡಿ ಮತ್ತೆ ಮೂವತ್ತಕ್ಕೆ ಬಂದು ನಿಂತಾಗ ದೊಡ್ಡಕ್ಕಾರು ಮೊದಲ ಸಲ ಬಾಯಿ ತೆರೆದರು.

“ತಮ್ಮಾ, ಇದಕ್ಕಿಂತ ಲಗೂ ಹೋಗೂದಿಲ್ಲೇನು ಇದು?”

“ಹೋಗ್ತೈತ್ರಿ. ಲಗೂ ಹೋದ್ರ ನಡುವ ನಿಲ್ತೈತಿ. ಎಣ್ಣಿ ಸಾಲೂದಿಲ್ಲ.”

ಅವರು ಸರಿ ಅಂದರು. ಕನ್ನಡಿಯಲ್ಲಿ ನೋಡಿದೆ. ಅವರ ಮುಖದಲ್ಲಿ ಅವಸರ ಕಾಣಲಿಲ್ಲ. ಏನು ಕಂಡಿತು ಎಂದು ಆಗ ನನಗೆ ಹೆಸರಿಟ್ಟು ಹೇಳಲು ಬರುತ್ತಿರಲಿಲ್ಲ.

ಬಾಗೇವಾಡಿಯಲ್ಲಿ ಗುಡಿಯ ಹತ್ತಿರ ನಿಲ್ಲಿಸು, ಕೈ ಮುಗಿದು ಬರುತ್ತೇನೆ ಎಂದರು. ನಿಲ್ಲಿಸಿದೆ. ಹೋಗಿ ಬರಲು ಕಾಲು ತಾಸು. ಆ ಹೊತ್ತಿನಲ್ಲಿ ನಾನು ಮತ್ತೆ ಪಟ್ಟಿ ಇಳಿಸಿ ನೋಡಬಹುದಿತ್ತು. ನೋಡಿದ್ದರೆ ಲೆಕ್ಕಕ್ಕಿಂತ ಹೆಚ್ಚು ಉಳಿದಿದೆ ಎಂದು ಗೊತ್ತಾಗುತ್ತಿತ್ತು, ಮುಂದಿನ ಇಪ್ಪತ್ತಾರು ಮೈಲನ್ನು ಬೇಕಾದಂತೆ ಓಡಿಸಬಹುದಿತ್ತು. ನಾನು ನೋಡಲಿಲ್ಲ. ಗಾಡಿಯ ನೆರಳಿನಲ್ಲಿ ನಿಂತು ಬೀಡಿ ಸೇದಿದೆ. ನೋಡಿದರೆ ಕಡಿಮೆ ಇದ್ದುಬಿಟ್ಟರೆ ಎಂಬ ಹೆದರಿಕೆ ಇತ್ತು ಅಂತ ಈಗ ಅಂದುಕೊಳ್ಳುತ್ತೇನೆ. ಆಗ ಹೆದರಿಕೆಯೂ ಇರಲಿಲ್ಲವೇನೋ, ಬರೀ ಬೀಡಿಯ ಚಟ ಇತ್ತು.

ಮುದ್ದೇಬಿಹಾಳದಲ್ಲಿ ಮಾಸ್ತರ ಮನೆಯ ಓಣಿಗೆ ತಿರುಗಿದಾಗ ಮಧ್ಯಾಹ್ನ ಒಂದು ಗಂಟೆಯಾಗುತ್ತ ಬಂದಿತ್ತು. ಬಾಗಿಲ ಮುಂದೆ ಜನ ನಿಂತ ರೀತಿಯಲ್ಲೇ ತಿಳಿಯಿತು. ದೊಡ್ಡಕ್ಕಾರು ಇಳಿಯಲಿಲ್ಲ. ನಾನು ಬಾಗಿಲು ತೆರೆದು ನಿಂತೆ. ಒಬ್ಬ ಮುದುಕಿ ಬಂದು ಅವರ ಕೈ ಹಿಡಿದು, ಅರ್ಧ ತಾಸು ಆತವ್ವ, ಅರ್ಧ ತಾಸಿನ ಹಿಂದ ಅಂದಳು. ಆಗ ಇಳಿದರು.

ಎಲ್ಲರೂ ಒಳಗೆ ಹೋದ ಮೇಲೆ ನಾನು ಡಿಕ್ಕಿಯಿಂದ ಪಟ್ಟಿ ತೆಗೆದು ಟಾಕಿಗೆ ಇಳಿಸಿದೆ. ಯಾಕೆ ಇಳಿಸಿದೆನೋ. ಮೂರು ಲೀಟರಿನ ಗೆರೆಯವರೆಗೆ ಒದ್ದೆಯಾಗಿತ್ತು. ಅದನ್ನು ಒರೆಸಿ ಮತ್ತೊಮ್ಮೆ ಇಳಿಸಿದೆ. ಮೂರೇ.

ಸಂಜೆಯ ಮುಂಚೆ ಮಾಸ್ತರು ಹೊರಗೆ ಕಟ್ಟೆಯ ಮೇಲೆ ಬಂದು ನನ್ನ ಪಕ್ಕದಲ್ಲಿ ಕೂತರು. ಒಳ್ಳೆಯ ಮನುಷ್ಯ. ನನ್ನ ಸಮಾಧಾನಕ್ಕೆಂದೇ ಹೇಳಿದರು. ಹನ್ನೊಂದೂವರೆಯ ಸುಮಾರಿಗೆ ಸಣ್ಣಕ್ಕಾರಿಗೆ ಚೆನ್ನಾಗಿ ಎಚ್ಚರ ಬಂದಿತ್ತಂತೆ. ಇಂಡಿಯಿಂದ ದೊಡ್ಡ ಗಾಡಿ ಹೊರಟಿದೆ, ಅಕ್ಕನೂ ಬರುತ್ತಿದ್ದಾಳೆ ಎಂದು ಇವರು ಹೇಳಿದ್ದಾರೆ. ಯಾರು ಹೊಡೆಯುತ್ತಿದ್ದಾರೆ ಎಂದು ಕೇಳಿದರಂತೆ. ನನ್ನ ಹೆಸರು ಹೇಳಿದಾಗ ಮುಖದಲ್ಲಿ ನಗು ಬಂದು, “ಅಂವ ಹೊಡ್ಯಾಕತ್ತಿದ್ರ ಮುಗೀತು, ಸಾವಕಾಶ ಬರ್ತಾನ,” ಅಂದರಂತೆ. ಅಷ್ಟು ನಗುನಗುತ್ತ ಮಾತಾಡಿದಳು ನೋಡು ಎಂದು ಮಾಸ್ತರು ಕಣ್ಣು ಒರೆಸಿಕೊಂಡರು. ನಾನು ತಲೆಯಾಡಿಸಿದೆ.

ಮರುದಿನ ಮಣ್ಣು ಮುಗಿಯಿತು. ಧಣಿಯರು ಸೋಲಾಪುರದಿಂದಲೇ ನೇರವಾಗಿ ಒಂದು ಕ್ಯಾನು ಪೆಟ್ರೋಲಿನ ಜೊತೆ ಬಂದಿದ್ದರು. ನಾವು ಹೊರಡುವ ಮುಂಚೆ ದೊಡ್ಡಕ್ಕಾರು ಗಾಡಿಯ ಹತ್ತಿರ ಬಂದು ನಿಂತರು. ಬಾನೆಟ್ಟಿನ ಮೇಲೆ ಕೈ ಇಟ್ಟು ಕೇಳಿದರು:

“ನಿನ್ನೆ ಎಣ್ಣಿ ಏನರ ಉಳೀತೇನು?”

“ಇಲ್ಲರಿ ಅಕ್ಕಾರ. ತಳ ಕಂಡೈತಿ.”

ನನ್ನ ಬದುಕಿನಲ್ಲಿ ನಾನು ಬೇರೆ ಸುಳ್ಳುಗಳನ್ನೂ ಹೇಳಿದ್ದೇನೆ. ಅವು ಯಾವುವೂ ಈಗ ನೆನಪಿಲ್ಲ.

ಆಮೇಲೆ ನನಗೆ ಶುರುವಾದದ್ದನ್ನು ಭೂತ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ, ಇಲ್ಲವೆಂದೂ ವಾದ ಮಾಡುವುದಿಲ್ಲ. ಸಣ್ಣಕ್ಕಾರು ನನ್ನ ಪಕ್ಕದ ಸೀಟಿನಲ್ಲಿ ಕೂತು ಹೋಗುವಾಗ ಅವರಿಗೊಂದು ರೂಢಿಯಿತ್ತು. ನಾನು ನಿಧಾನ ಹೊಡೆದರೆ ಅವರ ಬಲಗಾಲು ಎಕ್ಸಿಲೇಟರ್ ತುಳಿದಂತೆ ಗಾಡಿಯ ತಳವನ್ನು ಒತ್ತುತ್ತಿತ್ತು. ಚಪ್ಪಲಿಯ ಸಣ್ಣ ಟಪ್ ಸದ್ದು. ಮುದ್ದೇಬಿಹಾಳದಿಂದ ಬಂದ ಮೇಲೆ ದೇಶಿ ಕಾರಿನಲ್ಲೂ, ಮೂವತ್ತರ ಆಜುಬಾಜು ಮುಳ್ಳು ನಿಂತಾಗ, ಖಾಲಿ ಸೀಟಿನ ಕಡೆಯಿಂದ ಆ ಸದ್ದು ನನಗೆ ಕೇಳಿಸತೊಡಗಿತು. ಗಾಡಿ ನಿಲ್ಲಿಸಿ ತಳದ ತಗಡು, ನಟ್ಟು, ಬೋಲ್ಟು ಎಲ್ಲ ಬಿಗಿ ಮಾಡಿದೆ. ಹಿಂದೆ ಕೂತ ಧಣಿಯರಿಗೆ ಏನೂ ಕೇಳುತ್ತಿರಲಿಲ್ಲ. ನಾನು ವೇಗ ಹೆಚ್ಚಿಸಿದರೆ ನಿಲ್ಲುತ್ತಿತ್ತು. ಪೆಟ್ರೋಲು ಯಾಕೆ ಇಷ್ಟು ಹಿಡಿಯುತ್ತಿದೆ, ಇತ್ತೀಚೆಗೆ ಬಹಳ ಜೋರು ಹೊಡೆಯುತ್ತೀ ಎಂದು ಧಣಿಯರು ಬೈದರು. ನಿದ್ದೆಯಲ್ಲಿ ಬಲಗಾಲಿನಿಂದ ಗೋಡೆ ಒತ್ತುತ್ತೀರಿ ಎಂದು ಹೆಂಡತಿ ಬೆಳಿಗ್ಗೆ ಚಹಾ ಕೊಡುವಾಗ ಹೇಳಿದಳು. ಅವಳಿಗೆ ನಾನು ವಿಷಯ ಹೇಳಲಿಲ್ಲ. ಹೇಳಿದ್ದರೆ ಅವಳು ತಾಯತ ಕಟ್ಟಿಸುತ್ತಿದ್ದಳು.

ಆರು ತಿಂಗಳಿಗೆ ದೊಡ್ಡ ಗಾಡಿಯನ್ನು ಮಾರುವ ಮಾತು ಬಂತು. ಅದು ಹೋಗುವ ಮುಂಚೆ ನನಗೆ ಒಂದು ಸಂಗತಿ ತಿಳಿಯಬೇಕಾಗಿತ್ತು. ಕೊಳ್ಳುವವರು ಎಷ್ಟು ಕೊಡುತ್ತದೆ ಎಂದು ಕೇಳಿಯೇ ಕೇಳುತ್ತಾರೆ, ಅಳೆದು ನೋಡುತ್ತೇನೆ ಎಂದು ಧಣಿಯರ ಒಪ್ಪಿಗೆ ಪಡೆದೆ. ಅಷ್ಟು ಹೊತ್ತಿಗೆ ಬಂಕುಗಳಿಗೆ ಪೆಟ್ರೋಲು ಸರಿಯಾಗಿ ಬರುತ್ತಿತ್ತು. ಒಂದು ಲೀಟರಿನ ಡಬ್ಬಿಗೆ ತಳದಲ್ಲಿ ನಳಿಗೆ ಬೆಸೆಯಿಸಿ, ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿ, ಅಲ್ಲಿಂದ ರಬ್ಬರ್ ಪೈಪನ್ನು ನೇರ ಕಾರ್ಬೊರೇಟರಿಗೆ ಕೊಟ್ಟೆ. ಟಾಕಿಯ ಪೈಪನ್ನು ಬಿಚ್ಚಿ ಮುಚ್ಚಿದೆ. ಆಲಮೇಲದ ಕಡೆಯ ಸಮನಾದ ರಸ್ತೆಯಲ್ಲಿ ಮೈಲುಗಲ್ಲು ಹಿಡಿದು ಹೊರಟು, ಡಬ್ಬಿ ಬರಿದಾಗಿ ಇಂಜಿನ್ನು ಕೆಮ್ಮಿ ನಿಲ್ಲುವವರೆಗೆ ಒಂದೇ ವೇಗದಲ್ಲಿ ಹೋಗುವುದು. ಮತ್ತೆ ತುಂಬಿಸಿ, ಎದುರು ಗಾಳಿಯಿಂದ ಲೆಕ್ಕ ತಪ್ಪದಿರಲೆಂದು, ಅದೇ ವೇಗದಲ್ಲಿ ತಿರುಗಿ ಬರುವುದು. ಮೂರು ದಿನ ಇದೇ ಮಾಡಿದೆ.

ಇಪ್ಪತ್ತರಲ್ಲಿ ಗೇರು ಕೆಳಗಿಳಿದು, ಮೂರೂವರೆ ಮೈಲಿಗೆ ನಿಂತಿತು. ಮೂವತ್ತರಲ್ಲಿ ನಾಲ್ಕೂವರೆಗಿಂತ ತುಸು ಹೆಚ್ಚು. ಐವತ್ತರಲ್ಲಿ ಮೂರಕ್ಕೂ ಮುಟ್ಟಲಿಲ್ಲ. ನಲವತ್ತನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಪರೀಕ್ಷೆಯ ಫಲಿತಾಂಶ ನೋಡಲು ಹೆದರುವವರ ಹಾಗೆ. ನಲವತ್ತರಲ್ಲಿ ಹೋದರೆ ನೂರು ಮೈಲಿಗೆ ಎರಡೂವರೆ ತಾಸು. ಮೂವತ್ತರಲ್ಲಿ ಮೂರು ತಾಸು ಇಪ್ಪತ್ತು ನಿಮಿಷ. ಐವತ್ತು ನಿಮಿಷದ ಫರಕು. ನಮಗೆ ಬೇಕಾಗಿದ್ದದ್ದು ಅರ್ಧ ತಾಸು.

ನಲವತ್ತರಲ್ಲಿ ಹೋಗುವಾಗ ನಾಲ್ಕನೆಯ ಮೈಲುಗಲ್ಲಿಗೆ ಇನ್ನೂ ಒಂದು ಹೊಲ ಇರುವಾಗ ಇಂಜಿನ್ನು ನಿಂತಿತು. ಬರುವಾಗ ನಾಲ್ಕನೆಯ ಕಲ್ಲು ದಾಟಿ ಒಂದು ಹೊಲ ಮುಂದೆ ಹೋಗಿ ನಿಂತಿತು. ಅಂದರೆ ನಾಲ್ಕು. ನೂರು ಮೈಲಿಗೆ ಇಪ್ಪತ್ತೈದು ಲೀಟರ್. ಟಾಕಿಯಲ್ಲಿ ಇದ್ದದ್ದು ಇಪ್ಪತ್ತೈದು.

ನಾನು ರಸ್ತೆಯ ಬದಿಗೆ ಕೂತುಬಿಟ್ಟೆ. ಇಪ್ಪತ್ಮೂರು ಬೇಕು ಎಂದು ಬಂದಿದ್ದರೆ ನಾನು ತಪ್ಪು ಮಾಡಿದವನು, ಇಪ್ಪತ್ತೆಂಟು ಎಂದಿದ್ದರೆ ಸರಿ ಮಾಡಿದವನು. ಎರಡರಲ್ಲಿ ಯಾವುದನ್ನಾದರೂ ಹೊತ್ತುಕೊಂಡು ಮನೆಗೆ ಹೋಗಲು ತಯಾರಾಗಿಯೇ ಬಂದಿದ್ದೆ. ಬಿದಿರಿನ ಪಟ್ಟಿಯಲ್ಲಿ ಒಂದು ಗೆರೆಯ ದಪ್ಪ ಹೆಚ್ಚುಕಡಿಮೆಯಾದರೆ ಅರ್ಧ ಲೀಟರು ಆಚೀಚೆ. ಅರ್ಧ ಲೀಟರೆಂದರೆ ಎರಡು ಮೈಲು. ಎರಡು ಮೈಲು ಈಚೆ ಗಾಡಿ ನಿಂತಿದ್ದರೂ ದೊಡ್ಡಕ್ಕಾರು ನಡೆದಾದರೂ ಹೋಗಬಹುದಿತ್ತು, ಯಾರದಾದರೂ ಎತ್ತಿನ ಚಕ್ಕಡಿ ಸಿಗುತ್ತಿತ್ತು. ಆದರೆ ಆ ದಿನ ಎದುರು ಗಾಳಿ ಇತ್ತು. ಕುರಿಗಳಿದ್ದವು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ. ಸ್ನಾನ ಮಾಡುವಾಗ, ಊಟ ಮಾಡುವಾಗ, ಧಣಿಯರು ಏನೋ ಮಾತಾಡುತ್ತಿರುವಾಗ. ಒಂದು ಸಲ ಮುಟ್ಟುತ್ತೇನೆ, ಒಂದು ಸಲ ಮುಟ್ಟುವುದಿಲ್ಲ.

ಗಾಡಿಯನ್ನು ಸೋಲಾಪುರದ ಗುಜರಿಯವನು ಒಯ್ದ. ನನ್ನಲ್ಲಿ ಸದ್ದು ಉಳಿಯಿತು.

ನಾಲ್ಕು ವರ್ಷ ಕಳೆದ ಮೇಲೆ ಧಣಿಯರ ಮಗಳ ಮದುವೆ ಗೊತ್ತಾಯಿತು. ಸಿಂದಗಿಗೆ ಲಗ್ನಪತ್ರಿಕೆ ಮುಟ್ಟಿಸಲು ನನ್ನನ್ನು ಕಳಿಸಿದರು. ಮಧ್ಯಾಹ್ನದ ಹೊತ್ತು ದೊಡ್ಡಕ್ಕಾರು ಒಬ್ಬರೇ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಪತ್ರಿಕೆ ಕೊಟ್ಟೆ, ನೀರು ಕುಡಿದೆ, ಏಳಲಿಲ್ಲ. ಏನು ಎಂದು ಅವರು ಮುಖ ಎತ್ತಿದರು. ಹೇಳಿಬಿಟ್ಟೆ. ಆ ದಿನ ಟಾಕಿಯಲ್ಲಿ ಮೂರು ಲೀಟರ್ ಉಳಿದಿತ್ತು, ತಳ ಕಂಡಿದೆ ಎಂದದ್ದು ಸುಳ್ಳು, ಇನ್ನಷ್ಟು ಜೋರಾಗಿ ಹೊಡೆದಿದ್ದರೆ ನೀವು ಮಾತಾಡಿಸಬಹುದಿತ್ತೇನೋ. ಡಬ್ಬಿ ಕಟ್ಟಿ ಅಳೆದದ್ದನ್ನೂ, ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದದ್ದನ್ನೂ ಹೇಳಿದೆ. ಬಯ್ದು ಹೊರಗೆ ಕಳಿಸಿದರೆ ಸಾಕು ಅನ್ನಿಸಿತ್ತು.

ಅವರು ಮೊರವನ್ನು ಕೆಳಗಿಟ್ಟರು.

“ಆಳು ಬಂದು ಗಾಡಿ ಬಂತು ಅಂದಾಗ ನಾ ತಯಾರ ಆಗೇ ಇದ್ನಿ,” ಅಂದರು. “ಅರ್ಧ ತಾಸು ಒಳಗ ಸುಮ್ನ ಕುಂತಿದ್ನಿ. ಆಕಿ ಮುಂದ ಹೋಗಿ ಏನ ಅನ್ನಬೇಕು ತಿಳೀಲಿಲ್ಲ. ಬಾಗೇವಾಡ್ಯಾಗೂ ಹಂಗ. ನನಗ ಗುಡಿ ಬೇಕಾಗಿರಲಿಲ್ಲ. ಕಟ್ಟಿ ಮ್ಯಾಲ ಕುಂತು ಬಂದ್ನಿ. ನೀ ಸಾವಕಾಶ ಹೊಡ್ಯೂದು ನನಗ ಛಲೋನ ಅನಸ್ತಿತ್ತು ತಮ್ಮಾ.”

ಮುಕ್ಕಾಲು ತಾಸು. ನನ್ನ ಲೆಕ್ಕದಲ್ಲಿ ಅದನ್ನು ನಾನು ಎಂದೂ ಹಿಡಿದಿರಲಿಲ್ಲ. ಸಿಂದಗಿಯ ಅರ್ಧ ತಾಸು, ಗುಡಿಯ ಕಾಲು ತಾಸು, ಅವು ನನ್ನ ಕಾಲಿನ ಕೆಳಗಿನ ಸಮಯ ಅಲ್ಲ ಎಂದು ಬಿಟ್ಟಿದ್ದೆ. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಅವರ ಮುಖ ನೋಡಿದರೆ, ನನ್ನ ಮೂರು ಲೀಟರಿನಿಂದ ಅವರಿಗೂ ಹಗುರಾಗಿರಲಿಲ್ಲ. ಇಬ್ಬರೂ ತಮ್ಮ ತಮ್ಮದನ್ನು ಇನ್ನೊಬ್ಬರ ಮುಂದೆ ಇಟ್ಟು, ಮತ್ತೆ ತಾವೇ ಎತ್ತಿಕೊಂಡು ಕೂತೆವು.

ತಂಗಿ ಕೊನೆಗೆ ಏನಾದರೂ ಅಂದಳೇ ಎಂದು ಅವರು ಕೇಳಿದರು. ಮಾಸ್ತರು ಅವರಿಗೆ ಹೇಳಿರಲಿಲ್ಲ, ಅಥವಾ ಆ ಗದ್ದಲದಲ್ಲಿ ಅವರು ಕೇಳಿಸಿಕೊಂಡಿರಲಿಲ್ಲ. ಸಾವಕಾಶ ಬರ್ತಾನ ಎಂಬ ಮಾತನ್ನು ಮಾಸ್ತರು ಹೇಳಿದ ಹಾಗೆಯೇ ನಾನು ಅಂದು ತೋರಿಸಿದೆ. ಅಕ್ಕ ಬರುತ್ತಿದ್ದಾಳೆ ಎಂದಾಗ ಅವಳು ಏನೆಂದಳು ಎಂದು ಮತ್ತೆ ಕೇಳಿದರು. ಅದರ ಬಗ್ಗೆ ಏನೂ ಅಂದದ್ದು ನನಗೆ ತಿಳಿದಿಲ್ಲ, ಆದರೆ ನಕ್ಕಿದ್ದರಂತೆ ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, ಆ ದಿನದ ನಂತರ ತಾನು ಮುದ್ದೇಬಿಹಾಳದ ಕಡೆ ಹೋಗಿಯೇ ಇಲ್ಲ, ತಂಗಿಯ ಮಗಳು ಈಗ ಸಾಲಿಗೆ ಹೋಗುತ್ತಿರಬೇಕು, ಮದುವೆಯ ಪತ್ರಿಕೆ ಅಲ್ಲಿಗೂ ಕೊಡಬೇಕಲ್ಲ ಎಂದರು. ಕೊಡಬೇಕು, ನಾಳೆ ಹೋಗುವವನಿದ್ದೇನೆ ಎಂದೆ. ಇವತ್ತೇ ಹೋಗೋಣ ಎಂದು ಎದ್ದು ಸೀರೆ ಕೂಡ ಬದಲಿಸದೆ, ಚಪ್ಪಲಿ ಮೆಟ್ಟಿ ಬಂದು ಮುಂದಿನ ಸೀಟಿನಲ್ಲಿ, ನನ್ನ ಪಕ್ಕಕ್ಕೆ ಕೂತರು. ಸಣ್ಣಕ್ಕಾರನ್ನು ಬಿಟ್ಟರೆ ದೊಡ್ಡ ಮನೆಯ ಹೆಣ್ಣುಮಕ್ಕಳು ಹಾಗೆ ಕೂರುವ ಪದ್ಧತಿ ಇರಲಿಲ್ಲ. ನಾನು ಗಾಡಿ ಚಾಲೂ ಮಾಡಿದೆ.

ದಾರಿಯಲ್ಲಿ ಅವರು ಮದುವೆಯ ಬಗ್ಗೆ, ಬೀಗರ ಬಗ್ಗೆ, ಆ ವರ್ಷದ ಕುಸುಬೆಯ ಬಗ್ಗೆ ಮಾತಾಡುತ್ತಲೇ ಇದ್ದರು. ಬಾಗೇವಾಡಿಯಲ್ಲಿ ನಿಲ್ಲಲಿಲ್ಲ. ಆ ಓಣಿಗೆ ಬಂದಾಗ ಬಿಸಿಲು ಇನ್ನೂ ಇತ್ತು. ಮಾಸ್ತರು ಸಾಲಿಯಿಂದ ಬಂದಿರಲಿಲ್ಲ. ಬಾಗಿಲು ಬಡಿದಾಗ ಏಳೆಂಟು ವರ್ಷದ ಹುಡುಗಿಯೊಬ್ಬಳು, ಒಂದು ಕೈಯಲ್ಲಿ ಅರ್ಧ ಹೆಣೆದ ಜಡೆ ಹಿಡಿದುಕೊಂಡು, ಬಾಗಿಲು ತೆರೆದಳು. ನಮ್ಮಿಬ್ಬರನ್ನೂ ನೋಡಿ, ಯಾರು ಬೇಕ್ರಿ ಎಂದು ಕೇಳಿದಳು. ನಿಮ್ಮ ದೊಡ್ಡವ್ವ ಬಂದಾರ, ಸಿಂದಗಿಯವರು ಎಂದು ನಾನೇ ಹೇಳಬೇಕಾಯಿತು. ಹುಡುಗಿ ಒಂದು ಕ್ಷಣ ಅವರ ಮುಖ ನೋಡಿ, ಬಾಗಿಲನ್ನು ಪೂರ್ತಿ ಸರಿಸಿ, ಕಾಲಿಗೆ ನೀರು ತರಲು ಒಳಗೆ ಹೋದಳು.